ಬೆರ್ಬೆರರ ನುಡಿಯೂ ನಮ್ಮ ತಾಂಡಾದ ನುಡಿಯೂ

ಬೈಲಹೊಂಗಲದ ಪೇಟೆಗೆ ಹತ್ತಿ ಮಾರಲು ಬರುವ ರೈತನಾಗಲಿ, ಅಡತಿ ಅಂಗಡಿಯ ಗುಮಾಸ್ತನಾಗಲಿ ರಾಣಿ ಚೆನ್ನಮ್ಮನ ಸಮಾಧಿಯನ್ನು ಕಾಣದವನಲ್ಲ. ೧೮೨೪ರ ಅಕ್ಟೋಬರದಲ್ಲಿ ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಸತ್ತುಬಿದ್ದದ್ದು, ಡಿಸೆಂಬರದಲ್ಲಿ ಕೋಟೆ ಶತ್ರುವಿನ ಕೈಸೇರಿದ್ದು, ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟದ್ದು, ೧೮೨೯ರಲ್ಲಿ ಆಕೆ ಸೆರೆಯಲ್ಲಿಯೇ ಕಣ್ಣು ಮುಚ್ಚಿದ್ದು, ಇವೆಲ್ಲ ನಮ್ಮ ಭಾಗದ ಸಣ್ಣ ಹುಡುಗರಿಗೂ ಗೊತ್ತಿರುವ ಸಂಗತಿಗಳು. ಆದರೆ ಇಂಥದೇ ಇನ್ನೊಬ್ಬ ಹೆಣ್ಣುಮಗಳು ಸಮುದ್ರದಾಚೆ ಇದ್ದಳೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು.

ಉತ್ತರ ಆಫ್ರಿಕೆಯ ಅಲ್ಜೀರಿಯಾ ದೇಶದಲ್ಲಿ ಕಬೀಲಿಯಾ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿಯ ಲಾಲ್ಲಾ ಫಾತ್ಮಾ ಎನ್ಸೂಮೆರ್ ಎಂಬಾಕೆ ೧೮೫೦ರ ದಶಕದಲ್ಲಿ ಫ್ರೆಂಚರ ದಂಡಿಗೆ ಎದುರಾಗಿ ಹಳ್ಳಿಗರನ್ನು ಹುರಿದುಂಬಿಸಿ ಯುದ್ಧಕ್ಕೆ ನಿಲ್ಲಿಸಿದಳು. ೧೮೫೭ರ ಜುಲೈದಲ್ಲಿ ಸಿಕ್ಕುಬಿದ್ದಳು. ಚೆನ್ನಮ್ಮನ ಹಾಗೆಯೇ ಸೆರೆಯಲ್ಲಿದ್ದು ೧೮೬೩ರಲ್ಲಿ ತೀರಿಕೊಂಡಳು. ಇಂಗ್ಲಿಷರು ಇಲ್ಲಿ ಮಾಡಿದ್ದನ್ನೇ ಫ್ರೆಂಚರು ಅಲ್ಲಿ ಮಾಡಿದರು; ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ಮುಂದಿನ ಮಾತಿನಲ್ಲಿ. ೧೯೬೨ರಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು. ಫಾತ್ಮಾಳನ್ನು ಹೊಸ ಸರಕಾರವು ರಾಷ್ಟ್ರದ ವೀರವನಿತೆಯೆಂದು ಕೊಂಡಾಡಿತು. ಆದರೆ ಅವಳಾಡಿದ ನುಡಿಗೆ ಆ ದೇಶದ ಸಂವಿಧಾನದಲ್ಲಿ ನಲವತ್ತು ವರ್ಷ, ಅಂದರೆ ೨೦೦೨ರವರೆಗೆ, ಒಂದು ಮೊಳ ಜಾಗವೂ ಸಿಗಲಿಲ್ಲ. ನಾಯಕಿಗೆ ಪ್ರತಿಮೆ, ಆಕೆಯ ನುಡಿಗೆ ಬೀಗ!

ಆ ನುಡಿಯನ್ನಾಡುವ ಜನರನ್ನೇ ಹೊರಗಿನವರು ಬೆರ್ಬೆರರೆಂದು ಕರೆದಿದ್ದಾರೆ. ತಮಗೆ ತಿಳಿಯದ ಮಾತಾಡುವವರನ್ನು ಹಿಂದಿನ ಗ್ರೀಕರು ‘ಬರ್ಬರ’ರೆಂದು ಹಳಿಯುತ್ತಿದ್ದರು, ಆ ಬೈಗುಳದಿಂದ ಬಂದ ಹೆಸರು ಇದು. ಅವರು ತಮ್ಮನ್ನು ಇಮಾಜಿಗೆನ್ ಎಂದುಕೊಳ್ಳುತ್ತಾರೆ. ಸ್ವತಂತ್ರ ಜನರೆಂದು ಅದಕ್ಕೆ ಅರ್ಥ ಹೇಳುವುದುಂಟು. ನುಡಿಗೆ ತಮಾಜಿಗ್ತ್ ಎಂದು ಹೆಸರು. ಇದು ಒಂದೇ ನುಡಿಯಲ್ಲ, ಅಕ್ಕತಂಗಿಯರ ಒಂದು ಬಳಗ. ಕಬೀಲಿಯಾದಲ್ಲಿ ಒಂದು, ಔರೆಸ್ ಬೆಟ್ಟಗಳಲ್ಲಿ ಒಂದು, ಮೊರೊಕ್ಕೊದ ರಿಫ್ ಸೀಮೆಯಲ್ಲಿ ಒಂದು, ನಡು ಅಟ್ಲಾಸ್ ಪರ್ವತದಲ್ಲಿ ಇನ್ನೊಂದು, ತೆಂಕಣ ಸೂಸ್ ಸೀಮೆಯಲ್ಲಿ ಮತ್ತೊಂದು, ಸಹಾರಾ ಮರುಭೂಮಿಯ ತುವಾರೆಗರದು ಬೇರೊಂದು. ಲಿಬಿಯಾದ ನಫೂಸಾ ಬೆಟ್ಟದಲ್ಲಿ, ಈಜಿಪ್ತದ ಸೀವಾ ಎಂಬ ಓಯಸಿಸ್ಸಿನಲ್ಲಿಯೂ ಇದರ ಸದ್ದು ಕೇಳುತ್ತದೆ. ಅರಬ್ಬೀ ಭಾಷೆಯು ಆ ನೆಲಕ್ಕೆ ಕಾಲಿಡುವುದಕ್ಕೆ ನೂರಾರು ವರ್ಷ ಮೊದಲೇ ಇವರು ಅಲ್ಲಿದ್ದವರು. ತ್ಯುನೀಸಿಯಾದ ದುಗ್ಗಾ ಎಂಬ ಊರಿನಲ್ಲಿ ಕ್ರಿಸ್ತನಿಗಿಂತ ನೂರು ವರ್ಷಕ್ಕೂ ಮುಂಚಿನ ಒಂದು ಕಲ್ಬರಹ ಸಿಕ್ಕಿತು. ತಮ್ಮ ರಾಜ ಮಸಿನಿಸ್ಸನ ನೆನಪಿಗಾಗಿ ಎರಡು ಲಿಪಿಗಳಲ್ಲಿ ಕೆತ್ತಿಸಿದ್ದದು. ಅದರಲ್ಲಿ ಒಂದು ಇವರ ಸ್ವಂತ ಲಿಪಿ. ಕಲ್ಲು ಈಗ ತ್ಯೂನಿಸ್ ಶಹರದ ಬಾರ್ದೊ ಮ್ಯೂಸಿಯಮ್ಮಿನಲ್ಲಿದೆ.

ಕಲ್ಬರಹದ ಮಾತು ಬಂದಾಗ ನಮ್ಮ ಸವದತ್ತಿ ನೆನಪಾಗದಿರದು. ಸವದತ್ತಿಯ ರಟ್ಟರು ಆಳಿದ ಕಾಲದಲ್ಲಿ ಈ ನೆಲದ ತುಂಬ ಕನ್ನಡ ಶಾಸನಗಳು ನಿಂತವು. ಬೈಲಹೊಂಗಲದ ಹತ್ತಿರ ಸೊಗಲದಲ್ಲಿಯೂ ಅಂಥದೇ ಹಳೆಯ ಶಾಸನವಿದೆ. ಕಲ್ಲಿನ ಮೇಲೆ ಕನ್ನಡ ಇಷ್ಟು ಗಟ್ಟಿಯಾಗಿದ್ದ ಈ ಸೀಮೆಯಲ್ಲಿ ಕಾಗದದ ಮೇಲೆ ಏನಾಯಿತೆಂಬುದನ್ನು ನಮ್ಮ ಹಿರಿಯರನ್ನು ಕೇಳಿ ತಿಳಿದವರಿಗೆ ಬೆರ್ಬೆರರ ಕಥೆ ಪರದೇಶದ ಕಥೆಯೆನಿಸುವುದಿಲ್ಲ.

ಪೇಶ್ವೆಗಳ ಕಾಲದಿಂದ ನಮ್ಮ ಭಾಗದ ದಫ್ತರಗಳೆಲ್ಲ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ನಡೆದವು. ೧೮೧೮ರಲ್ಲಿ ಪೇಶ್ವಾಯಿ ಮುಗಿದು ಇಂಗ್ಲಿಷರ ರಾಜ್ಯ ಬಂತು; ಆದರೆ ಕುಲಕರ್ಣಿಯ ಲೆಕ್ಕಣಿಕೆ ಮೋಡಿಯನ್ನು ಬಿಡಲಿಲ್ಲ. ಸಾಹೇಬರು ನಮ್ಮನ್ನು ಮುಂಬಯಿ ಇಲಾಖೆಗೆ ಕಟ್ಟಿದರು. ಮೊದಮೊದಲು ಸರಕಾರಿ ಶಾಲೆಗಳು ತೆರೆದಾಗ ಕನ್ನಡ ಮಕ್ಕಳೂ ಕಲಿತದ್ದು ಮರಾಠಿಯನ್ನೇ. ಹೊಲ ತನ್ನದು, ಬೆವರು ತನ್ನದು, ಆದರೆ ತನ್ನ ಹೊಲದ ಉತಾರದಲ್ಲಿ ಏನು ಬರೆದಿದೆಯೆಂಬುದು ಒಕ್ಕಲಿಗನಿಗೆ ತಿಳಿಯದು. ಓದಿ ಹೇಳುವವನು ಹೇಳಿದ್ದೇ ವೇದ. ಸಾಲದ ಪತ್ರದಲ್ಲಿ ಹತ್ತು ನೂರಾದ ಕಥೆಗಳು ನಮ್ಮ ಪ್ರತಿಯೊಂದು ಹಳ್ಳಿಯಲ್ಲಿಯೂ ಇವೆ. ಭಾಷೆಯ ಪ್ರಶ್ನೆ ಕವಿಗಳ ಪ್ರಶ್ನೆಯೆಂದು ತಿಳಿದವರು ಈ ಉತಾರವನ್ನೊಮ್ಮೆ ನೆನೆಯಬೇಕು. ಅದು ಮೊದಲಿಗೆ ಹೊಲದ ಪ್ರಶ್ನೆ, ಕೂಲಿಯ ಪ್ರಶ್ನೆ, ಬಡ್ಡಿಯ ಪ್ರಶ್ನೆ.

ಇದನ್ನು ಬದಲಿಸಿದವರು ಯಾರು? ವಿದ್ಯಾಖಾತೆಯಲ್ಲಿ ಡೆಪ್ಯುಟಿಯಾಗಿದ್ದ ಚೆನ್ನಬಸಪ್ಪನವರಂಥವರು ಹಳ್ಳಿಹಳ್ಳಿ ತಿರುಗಿ ಕನ್ನಡ ಶಾಲೆಗಳಿಗೆ ಜೀವ ತುಂಬಿದರು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆಲೂರು ವೆಂಕಟರಾಯರು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನ ಸಂಗಡವೇ ಏಕೀಕರಣದ ಪರಿಷತ್ತೂ ನಡೆಯಿತು. ಆಗ ಇವರಿಗೆ ಸಿಕ್ಕ ಉತ್ತರ ಏನು? ‘ದೇಶ ದೊಡ್ಡದು, ಭಾಷೆ ಸಣ್ಣದು, ನೀವು ಒಡಕು ತರುತ್ತೀರಿ’ ಎಂಬುದು. ರಾಮದುರ್ಗದ ಪ್ರಜೆಗಳ ಸ್ಥಿತಿಯಂತೂ ಇನ್ನೂ ಬಿಗಿ. ಕನ್ನಡ ಪ್ರಜೆಗಳ ಮೇಲೆ ಭಾವೆ ಮನೆತನದ ಸಂಸ್ಥಾನದ ಆಳ್ವಿಕೆ. ೧೯೩೯ರ ಏಪ್ರಿಲದಲ್ಲಿ ಅವರು ಎದ್ದದ್ದು ಭಾಷೆಗಾಗಿ ಅಲ್ಲ, ದಬ್ಬಾಳಿಕೆಯ ವಿರುದ್ಧ, ನಿಜ. ಆದರೆ ಪ್ರಜೆಯ ಬಾಯ ನುಡಿಯೊಂದು, ದರಬಾರದ ನುಡಿ ಇನ್ನೊಂದು ಆಗಿರುವಲ್ಲಿ ಪ್ರಜೆಯ ಅಹವಾಲು ಅರ್ಧ ದಾರಿಯಲ್ಲಿಯೇ ಸಾಯುತ್ತದೆಂಬುದು ಅಲ್ಲಿಯವರಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ೧೯೪೮ರಲ್ಲಿ ಸಂಸ್ಥಾನ ವಿಲೀನವಾಯಿತು. ೧೯೫೬ರ ನವೆಂಬರ ೧ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಪೇಶ್ವಾಯಿ ಮುಗಿದು ನೂರಾ ಮೂವತ್ತೆಂಟು ವರ್ಷಗಳ ಮೇಲೆ!

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ. ನಾವು ಮರಾಠಿ ಜನರನ್ನು ದೂರುತ್ತಿಲ್ಲ. ಮೋಡಿ ಓದಲು ಬಾರದ ಮರಾಠಿ ಒಕ್ಕಲಿಗನೂ ನಮ್ಮವನಷ್ಟೇ ಮೋಸಹೋಗಿದ್ದಾನೆ. ಸೊಲ್ಲಾಪುರದ ಗಿರಣಿಗಳಲ್ಲಿ ಕನ್ನಡಿಗನೂ ಮರಾಠಿಗನೂ ತೆಲುಗನೂ ಒಂದೇ ಭೋಂಗಾದ ಸದ್ದಿಗೆ ಎದ್ದವರು. ೧೯೩೧ರ ಜನೇವರಿ ೧೨ರಂದು ಸೊಲ್ಲಾಪುರದ ನಾಲ್ವರನ್ನು ಗಲ್ಲಿಗೇರಿಸಿದಾಗ ಅವರಲ್ಲಿ ಮಲ್ಲಪ್ಪ ಧನಶೆಟ್ಟಿಯೂ ಇದ್ದ, ಕುರ್ಬಾನ ಹುಸೇನನೂ ಇದ್ದ, ಜಗನ್ನಾಥ ಶಿಂದೆಯೂ ಇದ್ದ, ಶ್ರೀಕಿಸನ ಸಾರಡಾನೂ ಇದ್ದ. ಹಗ್ಗಕ್ಕೆ ಭಾಷೆಯ ಭೇದವಿರಲಿಲ್ಲ.

ಇರಲಿ. ಬೆರ್ಬೆರರ ಕಡೆಗೆ ಮರಳೋಣ. ನಮ್ಮ ಓದುಗರಲ್ಲಿ ಗಿರಣಿಯವರೂ ಇದ್ದೀರಿ, ಸಣ್ಣ ಅಂಗಡಿಯವರೂ ಇದ್ದೀರಿ. ಇಬ್ಬರಿಗೂ ಅಲ್ಲಿ ಸರೀಕರಿದ್ದಾರೆ. ಕಬೀಲಿಯಾದ ಗುಡ್ಡದ ಹೊಲಗಳು ಹೊಟ್ಟೆ ತುಂಬಿಸದಾದಾಗ ಅಲ್ಲಿಯ ಗಂಡಸರು ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಸಮುದ್ರ ದಾಟಿ ಮಾರ್ಸೇಲ್ಸಿನ ಎಣ್ಣೆ-ಸಾಬೂನಿನ ಕಾರಖಾನೆಗಳಿಗೂ ಉತ್ತರ ಫ್ರಾನ್ಸಿನ ಕಲ್ಲಿದ್ದಲ ಗಣಿಗಳಿಗೂ ಹೋದರು. ೧೯೨೬ರಲ್ಲಿ ಪ್ಯಾರಿಸ್ಸಿನಲ್ಲಿ ‘ಉತ್ತರ ಆಫ್ರಿಕೆಯ ತಾರೆ’ ಎಂಬ ಸಂಘ ಹುಟ್ಟಿತು. ಅಲ್ಜೀರಿಯಾಕ್ಕೆ ಪೂರ್ಣ ಸ್ವಾತಂತ್ರ್ಯ ಬೇಕೆಂದು ಮೊದಲು ಗಟ್ಟಿಯಾಗಿ ಕೇಳಿದವರು ಆ ಸಂಘದ ಕೂಲಿಕಾರರು, ಅವರಲ್ಲಿ ಹೆಚ್ಚಿನವರು ಕಬೀಲರು. ವಕೀಲರಿಗೂ ಜಮೀನುದಾರರಿಗೂ ಹೊಳೆಯದ ಮಾತು ಕಾರಖಾನೆಯ ಹೊಗೆಯಲ್ಲಿ ಹೊಳೆಯಿತು. ಇತ್ತ ಮೊರೊಕ್ಕೊದಲ್ಲಿ ಸೂಸ್ ಸೀಮೆಯ ಜನ ಕಾಸಾಬ್ಲಾಂಕಾದಂಥ ಶಹರಗಳಲ್ಲಿ ಕಿರಾಣಿ ಅಂಗಡಿ ಹಾಕಿದರು. ಅಣ್ಣ ಕೆಲವು ತಿಂಗಳು ಗಲ್ಲೆಯ ಮೇಲೆ ಕೂಡುವುದು, ಆಮೇಲೆ ತಮ್ಮ ಬಂದು ಕೂಡುವುದು, ಅಣ್ಣ ಊರಿಗೆ ಹೋಗಿ ಹೊಲಮನೆ ನೋಡುವುದು. ಪಾಳಿಯ ಪ್ರಕಾರ ನಡೆದ ವ್ಯಾಪಾರ ಅದು. ಗಿರಾಕಿಯೊಡನೆ ಅರಬ್ಬೀ, ಅಣ್ಣತಮ್ಮಂದಿರೊಳಗೆ ತಮ್ಮ ನುಡಿ, ಸರಕಾರದ ಕಾಗದಕ್ಕೆ ಫ್ರೆಂಚು. ಮೂರು ಭಾಷೆ ಬಲ್ಲ ಈ ಅಂಗಡಿಕಾರನ ತಾಯಿನುಡಿಯೊಂದೇ ಎಲ್ಲಿಯೂ ಬರೆಯಲ್ಪಡದ ನುಡಿ.

ಫ್ರೆಂಚರ ಜಾಣತನವನ್ನು ಹೇಳದಿದ್ದರೆ ಮುಂದಿನದು ತಿಳಿಯಲಾರದು. ರಿಫ್ ಸೀಮೆಯ ಅಬ್ದುಲ್ ಕರೀಮನು ೧೯೨೧ರ ಜುಲೈದಲ್ಲಿ ಅನ್ವಾಲ್ ಎಂಬಲ್ಲಿ ಸ್ಪೇನಿನ ಸೈನ್ಯವನ್ನು ನುಚ್ಚುನೂರು ಮಾಡಿ ಗಣರಾಜ್ಯವನ್ನೇ ಸ್ಥಾಪಿಸಿದ. ಅವನನ್ನು ಬಗ್ಗಿಸಲು ಸ್ಪೇನೂ ಫ್ರಾನ್ಸೂ ಕೂಡಿ ಬರಬೇಕಾಯಿತು. ೧೯೨೬ರಲ್ಲಿ ಅವನು ಶರಣಾದ. ನಾಲ್ಕು ವರ್ಷದ ಮೇಲೆ, ೧೯೩೦ರ ಮೇ ೧೬ರಂದು, ಮೊರೊಕ್ಕೊದ ಫ್ರೆಂಚ್ ಅಧಿಕಾರಿಗಳು ಸುಲ್ತಾನನ ಮೊಹರು ಹಾಕಿಸಿ ಒಂದು ಫರ್ಮಾನು ಹೊರಡಿಸಿದರು. ಬೆರ್ಬೆರರಿಗೆ ಬೇರೆ ಕಾನೂನು, ಅರಬರಿಗೆ ಬೇರೆ ಕಾನೂನು. ಮೇಲ್ನೋಟಕ್ಕೆ ಸಣ್ಣ ಜನಾಂಗದ ರಕ್ಷಣೆ. ಒಳಗೆ ಒಡೆದಾಳುವ ಹಂಚಿಕೆ. ದೇಶಭಕ್ತರೆಲ್ಲ ಅದರ ವಿರುದ್ಧ ಎದ್ದರು, ಎದ್ದದ್ದು ಸರಿಯೇ. ಆದರೆ ಆ ಫರ್ಮಾನಿನ ವಿಷ ಸ್ವಾತಂತ್ರ್ಯದ ನಂತರವೂ ಇಳಿಯಲಿಲ್ಲ. ‘ನಮ್ಮ ನುಡಿಗೆ ಶಾಲೆಯಲ್ಲಿ ಜಾಗ ಕೊಡಿ’ ಎಂದು ಯಾವ ಬೆರ್ಬೆರನಾದರೂ ಕೇಳಿದರೆ ಸಾಕು, ‘ಇವನು ಫ್ರೆಂಚರ ಬಾಲ’ ಎಂಬ ಮುದ್ರೆ ಬೀಳತೊಡಗಿತು.

ಅಲ್ಜೀರಿಯಾದಲ್ಲಿ ಅರಬ್ಬಿಯೊಂದೇ ರಾಷ್ಟ್ರಭಾಷೆಯೆಂದಾಯಿತು. ಸ್ವಾತಂತ್ರ್ಯಯುದ್ಧದ ಮುಂದಾಳುಗಳಲ್ಲೊಬ್ಬನಾದ, ೧೯೫೫ರ ಬಾಂಡುಂಗ್ ಪರಿಷತ್ತಿಗೆ ಹೋಗಿಬಂದ ಹೊಸೀನ್ ಆಯ್ತ್ ಅಹಮದನು ೧೯೬೩ರಲ್ಲಿ ‘ಸಮಾಜವಾದಿ ಶಕ್ತಿಗಳ ರಂಗ’ ಎಂಬ ಪಕ್ಷವನ್ನು ಕಟ್ಟಿದ. ಏಕಪಕ್ಷದ ಆಡಳಿತವನ್ನು ವಿರೋಧಿಸಿದ್ದಕ್ಕೆ ಸೆರೆಮನೆ ಸೇರಿದ, ೧೯೬೬ರಲ್ಲಿ ತಪ್ಪಿಸಿಕೊಂಡು ಪರದೇಶ ಸೇರಿದ. ಆಮೇಲೆ ೧೯೮೦ ಬಂತು. ಮೌಲೂದ್ ಮಮ್ಮೆರಿ ಎಂಬ ವಿದ್ವಾಂಸನು ಕಬೀಲರ ಹಳೆಯ ಕಾವ್ಯದ ಬಗ್ಗೆ ತಿಜಿ ಊಜೂ ವಿಶ್ವವಿದ್ಯಾಲಯದಲ್ಲಿ ಮಾರ್ಚ್ ೧೦ಕ್ಕೆ ಭಾಷಣ ಮಾಡುವವನಿದ್ದ. ಸರಕಾರ ಅದನ್ನು ತಡೆಯಿತು. ಓದುಗರೇ, ನೋಡಿರಿ: ಬಾಂಬಿಗಲ್ಲ, ಬಂಡಾಯಕ್ಕಲ್ಲ, ಅಜ್ಜ-ಅಜ್ಜಿಯರು ಹೇಳಿಬಂದ ಪದ್ಯಗಳ ಬಗ್ಗೆ ಒಂದು ತಾಸು ಮಾತಾಡುವುದಕ್ಕೆ ತಡೆ! ವಿದ್ಯಾರ್ಥಿಗಳು ಬೀದಿಗಿಳಿದರು. ಏಪ್ರಿಲ ೧೬ರಂದು ಕಬೀಲಿಯಾದಲ್ಲೆಲ್ಲ ಸಾರ್ವತ್ರಿಕ ಹರತಾಳವಾಯಿತು. ಕಾರಖಾನೆಗಳೂ ನಿಂತವು, ಅಂಗಡಿಗಳೂ ಮುಚ್ಚಿದವು. ಏಪ್ರಿಲ ೨೦ರ ಬೆಳಗಿನ ಜಾವ ಪೋಲೀಸರು ವಿಶ್ವವಿದ್ಯಾಲಯಕ್ಕೆ ನುಗ್ಗಿದರು. ಇದನ್ನೇ ಅವರು ಬೆರ್ಬೆರ್ ವಸಂತವೆಂದು ಕರೆಯುತ್ತಾರೆ.

೧೯೯೪ರಿಂದ ೯೫ರವರೆಗೆ ಇಡೀ ಒಂದು ವರ್ಷ ಕಬೀಲಿಯಾದ ತಂದೆತಾಯಿಗಳು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಮಾಸ್ತರಿಕೆ ಮಾಡಿ ಬಂದ ನಮಗೆ ಈ ಸಂಗತಿ ಓದಿದಾಗ ಮೈ ಜುಮ್ಮೆಂದಿತು. ಬಡವನು ತನ್ನ ಮಗುವಿನ ಒಂದು ವರ್ಷವನ್ನು ಸುಮ್ಮನೆ ಕಳೆಯುವವನಲ್ಲ. ಅಷ್ಟು ಬೆಲೆ ತೆತ್ತ ಮೇಲೆ ಸರಕಾರವು ತಮಾಜಿಗ್ತ್ ನುಡಿಗಾಗಿ ಒಂದು ಮಂಡಲಿಯನ್ನು ನೇಮಿಸಿತು, ಪಾಠಗಳನ್ನು ತುಸುತುಸುವಾಗಿ ತೆರೆಯಿತು. ೨೦೦೧ರ ಏಪ್ರಿಲದಲ್ಲಿ ಮಸಿನಿಸ್ಸಾ ಗೆರ್ಮಾ ಎಂಬ ಹುಡುಗ ಪೋಲೀಸ ಠಾಣೆಯಲ್ಲಿ ಗುಂಡೇಟಿಗೆ ಬಲಿಯಾದ. ಎರಡು ಸಾವಿರ ವರ್ಷದ ಹಿಂದಿನ ರಾಜನ ಹೆಸರನ್ನು ಹೊತ್ತ ಹುಡುಗ. ಆ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ತಮಾಜಿಗ್ತ್ ‘ರಾಷ್ಟ್ರೀಯ’ ಭಾಷೆಯಾಯಿತು. ೨೦೧೬ರಲ್ಲಿ ‘ಅಧಿಕೃತ’ ಭಾಷೆಯಾಯಿತು. ಮೊರೊಕ್ಕೊದಲ್ಲಿ ಅರಸನೇ ೨೦೦೧ರಲ್ಲಿ ಈ ನುಡಿಗೊಂದು ಸಂಸ್ಥೆಯನ್ನು ಸ್ಥಾಪಿಸಿದ, ೨೦೦೩ರಲ್ಲಿ ಹಳೆಯ ತಿಫಿನಾಗ್ ಲಿಪಿಯನ್ನು ಶಾಲೆಗೆ ತಂದರು, ೨೦೧೧ರ ಸಂವಿಧಾನದಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. ಅದನ್ನು ಜಾರಿಗೆ ತರುವ ಕಾಯದೆ ಬಂದದ್ದು ಮಾತ್ರ ೨೦೧೯ರಲ್ಲಿ. ಎಲ್ಲ ಶಾಲೆಗಳಿಗೂ ಪಾಠ ಇನ್ನೂ ಮುಟ್ಟಿಲ್ಲ. ೨೦೨೪ರ ಜನಗಣತಿಯಲ್ಲಿ ಅಲ್ಲಿ ನಾಲ್ಕರಲ್ಲಿ ಒಬ್ಬರಷ್ಟು ಈ ನುಡಿಯನ್ನಾಡುವವರೆಂದು ಲೆಕ್ಕ ಬಂದಿದೆ. ಇನ್ನು ಲಿಬಿಯಾದ ಗದ್ದಾಫಿಯು ಮಕ್ಕಳಿಗೆ ಬೆರ್ಬೆರ್ ಹೆಸರಿಡುವುದನ್ನೂ ನಿಷೇಧಿಸಿದ್ದ! ತೊಟ್ಟಿಲಲ್ಲಿಯ ಕೂಸಿಗೂ ಹೆದರುವ ಸರಕಾರವನ್ನು ಏನೆಂದು ಕರೆಯೋಣ?

ಈ ಜಗಳದುದ್ದಕ್ಕೂ ಒಂದು ಮೋಜು ನಡೆದಿದೆ. ಅರಬ್ಬೀ ದೊಡ್ಡದೋ ತಮಾಜಿಗ್ತ್ ದೊಡ್ಡದೋ ಎಂದು ಬಡವರು ಗುದ್ದಾಡುತ್ತಿರುವಾಗ ದೊಡ್ಡ ಕಚೇರಿಗಳಲ್ಲಿ, ದೊಡ್ಡ ಕಾಲೇಜುಗಳಲ್ಲಿ ಫ್ರೆಂಚು ಕಾಲುಚಾಚಿ ಕೂತಿತು. ನಮ್ಮ ಬೆಳಗಾವಿಯಲ್ಲಿ ಕನ್ನಡ-ಮರಾಠಿ ಫಲಕಗಳ ಮೇಲೆ ಮಸಿ ಬಳಿಯುವ ಹುಡುಗರು ಒಮ್ಮೆ ತಲೆಯೆತ್ತಿ ನೋಡಲಿ; ತಮ್ಮ ಮುಂದಾಳುಗಳ ಮಕ್ಕಳು ಯಾವ ಭಾಷೆಯ ಶಾಲೆಗೆ ಹೋಗುತ್ತಾರೆಂದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಈ ಲೇಖನ ಬರೆಯುವುದು ನಮಗೆ ಸುಲಭವಾಗುತ್ತಿತ್ತು. ಪರದೇಶದ ಅನ್ಯಾಯವನ್ನು ಬೈಯುವುದಕ್ಕೆ ಖರ್ಚೇನಿಲ್ಲ. ಆದರೆ ನಮ್ಮ ಮನೆಯ ಬಾಗಿಲಲ್ಲಿಯೇ ಒಂದು ನುಡಿ ನಿಂತಿದೆ. ರಾಮದುರ್ಗವನ್ನು ದಾಟಿ ಬಾಗಲಕೋಟೆ, ವಿಜಯಪುರದ ಕಡೆಗೆ ಹೋದಂತೆ ಊರಿನಾಚೆ ತಾಂಡಾಗಳು ಕಾಣತೊಡಗುತ್ತವೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಅರ್ಧ ದಿನ ನಿಂತರೆ ಸಾಕು, ಕನ್ನಡ, ಮರಾಠಿ, ತೆಲುಗುಗಳ ನಡುವೆ ಲಂಬಾಣಿಯೂ ಕಿವಿಗೆ ಬೀಳುತ್ತದೆ. ಅವರು ತಮ್ಮ ನುಡಿಯನ್ನು ಗೋರಬೋಲಿ ಎನ್ನುತ್ತಾರೆ. ರಾಜಸ್ಥಾನದ ನುಡಿಗಳಿಗೆ ಹತ್ತಿರದ್ದು, ಶತಮಾನಗಳಿಂದ ದಖ್ಖಣದಲ್ಲಿ ಬೆಳೆದದ್ದು. ಹೇರೆತ್ತುಗಳ ಮೇಲೆ ದವಸ-ಉಪ್ಪು ಹೊತ್ತು ನಾಡಿನ ಉದ್ದಗಲ ತಿರುಗಿದ ವ್ಯಾಪಾರಸ್ಥರು ಇವರು. ಮೊಗಲರ ದಂಡಿಗೂ ಮರಾಠರ ದಂಡಿಗೂ ಇವರ ಎತ್ತುಗಳೇ ಅನ್ನ ಹೊತ್ತವು. ರೇಲ್ವೆ ಬಂತು, ಸಡಕು ಬಂತು, ಎತ್ತಿನ ಬೆನ್ನು ಬರಿದಾಯಿತು. ಅದರ ಮೇಲೆ ೧೮೭೧ರ ಕಾಯದೆಯಿಂದ ಆರಂಭಿಸಿ ಇಂಗ್ಲಿಷ ಸರಕಾರವು ತಿರುಗಾಡಿ ಬದುಕುವ ಜನಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡತೊಡಗಿತು. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಲಂಬಾಣಿಗರಲ್ಲಿಯೂ ಕೆಲವರು ಆ ಪಟ್ಟಿ ಸೇರಿದರು. ಹುಬ್ಬಳ್ಳಿಯಲ್ಲಿ ಅವರನ್ನು ತಂತಿಬೇಲಿಯ ಸೆಟ್ಲಮೆಂಟಿನಲ್ಲಿಟ್ಟು ಅಲ್ಲಿಂದಲೇ ಗಿರಣಿಯ ಕೆಲಸಕ್ಕೆ ಕಳಿಸುತ್ತಿದ್ದರು. ಗಿರಣಿಯ ಬಂಧುಗಳೇ, ನಿಮ್ಮ ಸಾಂಚೆಯ ಹಿಂದಿನ ಚರಿತ್ರೆಯಲ್ಲಿ ಇದೂ ಒಂದು ಪುಟ. ಆ ಕಾಯದೆ ಸತ್ತದ್ದು ೧೯೫೨ರಲ್ಲಿ. ಕೊರವರ ನುಡಿ ತಮಿಳಿನ ಬಳಗದ್ದು, ಹರಣಶಿಕಾರಿಗಳದು ಗುಜರಾತಿಯ ಕಡೆಯದು. ಅವುಗಳ ಬಗ್ಗೆ ಮತ್ತೊಮ್ಮೆ ಬರೆಯುವೆವು.

ಲಂಬಾಣಿಯ ಮಾತು ಕೇಳಿ. ೨೦೧೧ರ ಜನಗಣತಿಯಲ್ಲಿ ದೇಶದಲ್ಲಿ ೩೨ ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯಿನುಡಿ ಲಮಾಣಿ ಅಥವಾ ಲಂಬಾಡಿ ಎಂದು ಬರೆಸಿದರು. ಇನ್ನೂ ೧೫ ಲಕ್ಷಕ್ಕೂ ಹೆಚ್ಚು ಜನ ಬಂಜಾರಿ ಎಂದು ಬರೆಸಿದರು. ದಿಲ್ಲಿಯ ಕಚೇರಿಯವರು ಈ ಎರಡನ್ನೂ ಎಲ್ಲಿ ಜಮಾ ಹಾಕಿದರೆನ್ನುತ್ತೀರಿ? ಹಿಂದಿಯ ಖಾತೆಗೆ! ಹಿಂದಿಯನ್ನಾಡುವವರು ೫೨ ಕೋಟಿ ೮೦ ಲಕ್ಷವೆಂದು ಪ್ರಕಟಿಸಿದ ಆ ಲೆಕ್ಕದಲ್ಲಿ, ತಮ್ಮ ನುಡಿ ಹಿಂದಿಯೆಂದೇ ಹೇಳಿದವರು ೩೨ ಕೋಟಿ ೨೦ ಲಕ್ಷ. ಉಳಿದವರು ಭೋಜಪುರಿಯವರು, ರಾಜಸ್ಥಾನಿಯವರು, ಇನ್ನೂ ಹತ್ತಾರು ನುಡಿಯವರು, ಮತ್ತು ನಮ್ಮ ತಾಂಡಾದವರು. ಕಿರಾಣಿ ಅಂಗಡಿಯಲ್ಲಿ ರಾಮನ ಉದ್ರಿಯನ್ನು ಭೀಮನ ಖಾತೆಗೆ ಬರೆದರೆ ಅದಕ್ಕೆ ಏನನ್ನುತ್ತಾರೆಂಬುದು ನಮ್ಮ ವ್ಯಾಪಾರಸ್ಥ ಓದುಗರಿಗೆ ಚೆನ್ನಾಗಿ ಗೊತ್ತು.

ಖಾತೆ ಒಂದೇ ಅಲ್ಲ, ಲಿಪಿಯೂ ಹರಿದುಹೋಗಿದೆ. ತಮಾಜಿಗ್ತನ್ನು ಮೊರೊಕ್ಕೊದ ಶಾಲೆಯಲ್ಲಿ ತಿಫಿನಾಗಿನಲ್ಲಿ ಬರೆದರೆ ಕಬೀಲಿಯಾದಲ್ಲಿ ಹೆಚ್ಚಾಗಿ ರೋಮನ್ನಿನಲ್ಲಿ ಬರೆಯುತ್ತಾರೆ, ಕೆಲವರು ಅರಬ್ಬಿಯಲ್ಲಿ. ಹಾಗೆಯೇ ಗೋರಬೋಲಿಯನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಅದೇ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ಅಲೆಮಾರಿಗಳ ಪಟ್ಟಿಯವರು. ಬೀಗರು ಸೋಲಾಪುರದಲ್ಲಿ, ಮಗಳು ನಾರಾಯಣಪೇಟೆಯಲ್ಲಿ, ಒಂದು ಓಲೆ ಬರೆದರೆ ಓದುವವರಿಲ್ಲ.

ಈಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಒಂದನೆಯ ಇಯತ್ತೆಗೆ ತಾಂಡಾದ ಒಬ್ಬ ಹುಡುಗ ಬಂದ. ಚುರುಕಾದ ಕಣ್ಣು. ಚಿತ್ರದ ಪುಸ್ತಕದಲ್ಲಿ ರೊಟ್ಟಿಯ ಚಿತ್ರ ತೋರಿಸಿ ‘ಇದೇನು?’ ಎಂದು ಕೇಳಿದೆವು. ಎಲ್ಲರಿಗಿಂತ ಮೊದಲು ಕೈಯೆತ್ತಿ ‘ಬಾಟಿ’ ಎಂದ. ವರ್ಗವೆಲ್ಲ ನಕ್ಕಿತು. ನಾವೂ ನಕ್ಕೆವು. ‘ತಪ್ಪು, ಕೂಡು’ ಎಂದೆವು. ಲಂಬಾಣಿಯಲ್ಲಿ ರೊಟ್ಟಿಗೆ ಬಾಟಿಯೆಂದೇ ಹೆಸರೆಂಬುದು ನಮಗೆ ಆಗ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕೆಂದು ತೋಚಲೂ ಇಲ್ಲ. ಹುಡುಗ ದೀಪಾವಳಿಯ ರಜೆಯವರೆಗೆ ಬಾಯಿ ಬಿಡಲಿಲ್ಲ. ಹಾಜರಿ ಪುಸ್ತಕದ ಪಕ್ಕದಲ್ಲಿ ‘ಮಂದಬುದ್ಧಿ’ ಎಂದು ನಮ್ಮ ಕೈಯಿಂದಲೇ ಬರೆದೆವು. ಮೂರನೆಯ ಇಯತ್ತೆಯಲ್ಲಿ ಅವನ ತಂದೆತಾಯಿ ಗೋವೆಗೆ ಕೂಲಿಗೆ ಹೋಗುವಾಗ ಅವನೂ ಹೋದ. ಮತ್ತೆ ಬರಲಿಲ್ಲ. ಆ ಹುಡುಗನ ಉತ್ತರ ಸರಿಯಿತ್ತು. ಅಂದು ಮೋಡಿ ಬರೆಯುವ ಕುಲಕರ್ಣಿ ಕೂತಿದ್ದ ಕುರ್ಚಿಯಲ್ಲಿ ನಾವು ಕೂತಿದ್ದೆವು, ಕೈಯಲ್ಲಿ ಕನ್ನಡದ ಪುಸ್ತಕ ಹಿಡಿದುಕೊಂಡು.

ಇದಕ್ಕೆ ಕೆಲವರು ಆಕ್ಷೇಪ ಎತ್ತುವರು. ‘ಕನ್ನಡಕ್ಕೇ ಗತಿಯಿಲ್ಲ, ಇನ್ನು ಲಂಬಾಣಿಗೆಲ್ಲಿ?’ ಎನ್ನುವರು. ಕನ್ನಡದ ಗತಿ ಏನಾಗಿದೆಯೆಂಬುದನ್ನು ನಾವೂ ಬಲ್ಲೆವು. ಗೋಕಾಕ ವರದಿಗಾಗಿ ೧೯೮೨ರಲ್ಲಿ ಬೀದಿಗಿಳಿದವರ ಮೊಮ್ಮಕ್ಕಳು ಇಂದು ಟೈ ಕಟ್ಟಿಕೊಂಡು ಹಳದಿ ಬಸ್ಸು ಹತ್ತುತ್ತಿದ್ದಾರೆ. ಖಾಸಗಿ ಶಾಲೆಗಳ ಮೇಲೆ ತಾಯಿನುಡಿಯ ಮಾಧ್ಯಮವನ್ನು ಹೇರಬಾರದೆಂದು ಸುಪ್ರೀಮ್ ಕೋರ್ಟು ೨೦೧೪ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಾಗಿದೆ. ಆದರೆ ಆ ನಷ್ಟವನ್ನು ಕನ್ನಡಕ್ಕೆ ಮಾಡಿದ್ದು ತಾಂಡಾದ ಹುಡುಗನಲ್ಲ. ಅವನು ಕನ್ನಡ ಕಲಿಯಲೆಂದೇ ನಮ್ಮ ಬಾಗಿಲಿಗೆ ಬಂದವನು. ಬಾಟಿಯಿಂದ ರೊಟ್ಟಿಗೆ ಅವನನ್ನು ಕೈಹಿಡಿದು ತಂದಿದ್ದರೆ ಕನ್ನಡಕ್ಕೆ ಒಬ್ಬ ಓದುಗ ಹೆಚ್ಚುತ್ತಿದ್ದ. ನಕ್ಕು ಕಳಿಸಿದ್ದರಿಂದ ಗೋರಬೋಲಿಗೂ ಅವನಿಲ್ಲ, ಕನ್ನಡಕ್ಕೂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡುಗಳ ಕನ್ನಡ ಮಕ್ಕಳಿಗೆ ಕನ್ನಡ ಮಾಸ್ತರರು ಬೇಕೆಂದು ನಾವು ಕೇಳುತ್ತೇವಲ್ಲ, ಯಾವ ನ್ಯಾಯದಿಂದ ಕೇಳುತ್ತೇವೆ? ಅದೇ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಇದು ನಮ್ಮ ಸ್ವಂತ ಹುಚ್ಚು ಮಾತೂ ಅಲ್ಲ. ಅಲ್ಪಸಂಖ್ಯಾತ ನುಡಿಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಬೇಕೆಂದು ಸಂವಿಧಾನದ ೩೫೦-ಎ ವಿಧಿ ಹೇಳುತ್ತದೆ. ಆ ವಿಧಿ ಸಂವಿಧಾನಕ್ಕೆ ಸೇರಿದ್ದು ಯಾವಾಗ ಬಲ್ಲಿರಾ? ೧೯೫೬ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಗೆಂದು ಮಾಡಿದ ಏಳನೆಯ ತಿದ್ದುಪಡಿಯಲ್ಲಿ. ನಮಗೆ ಕನ್ನಡ ನಾಡನ್ನು ಕೊಟ್ಟ ಕಾಗದದಲ್ಲಿಯೇ ತಾಂಡಾದ ಕೂಸಿನ ಹಕ್ಕೂ ಬರೆದಿತ್ತು. ನಾವು ನಮ್ಮ ಪಾಲನ್ನು ಓದಿಕೊಂಡು ಕಾಗದವನ್ನು ಮಡಿಚಿಟ್ಟೆವು.

೨೦೨೩ರ ಜನೇವರಿಯಲ್ಲಿ ಕಲಬುರ್ಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ಹಂಚಿದರು. ಸಭೆ ದೊಡ್ಡದಾಗಿತ್ತು, ಹಾರತುರಾಯಿಗಳಿಗೆ ಕೊರತೆಯಿರಲಿಲ್ಲ. ಪತ್ರ ಕೊಟ್ಟದ್ದು ಒಳ್ಳೆಯದಾಯಿತು. ಅದಕ್ಕೆ ನಾವು ಕೊಂಕು ನುಡಿಯುವುದಿಲ್ಲ. ಆದರೆ ಆ ಪತ್ರವನ್ನು ಓದಿಕೊಳ್ಳಬಲ್ಲ ತಾಯಂದಿರು ಎಷ್ಟು ಜನವೆಂಬುದನ್ನೂ ಯಾರಾದರೂ ವಿಚಾರಿಸಬೇಕಿತ್ತು. ಓದಲಾಗದ ಉತಾರದ ರುಚಿಯನ್ನು ಬೈಲಹೊಂಗಲದವರೂ ಕಿತ್ತೂರಿನವರೂ ಉಂಡಿದ್ದಾರೆ.

ಬೇಡಿಕೆಯೇನೂ ದೊಡ್ಡದಲ್ಲ. ತಾಂಡಾದ ಅಂಗನವಾಡಿಗೂ ಒಂದನೆಯ ಇಯತ್ತೆಗೂ ಆ ನುಡಿ ಬಲ್ಲ ಒಬ್ಬ ಹೆಣ್ಣುಮಗಳನ್ನು ನೇಮಿಸಲಿ. ತಾಂಡಾಗಳಲ್ಲಿ ಪದವಿ ಪಡೆದು ಕೆಲಸವಿಲ್ಲದೆ ಕೂತ ಹುಡುಗಿಯರಿಗೆ ಕೊರತೆಯಿಲ್ಲ. ಕನ್ನಡ ಲಿಪಿಯಲ್ಲಿಯೇ ಎರಡೂ ನುಡಿಗಳ ಒಂದು ಚಿತ್ರಪುಸ್ತಕ ಅಚ್ಚಾಗಲಿ. ಇದಕ್ಕೆ ಹರತಾಳ ಬೇಕಿಲ್ಲ, ಒಂದು ವರ್ಷ ಶಾಲೆ ಬಿಡಿಸಬೇಕಿಲ್ಲ, ಯಾರ ರಕ್ತವೂ ಬೀಳಬೇಕಿಲ್ಲ. ತಾಲೂಕು ಪಂಚಾಯತಿಯ ಒಂದು ರಸ್ತೆಯ ಬಿಲ್ಲಿನಲ್ಲಿ ಸೋರಿಹೋಗುವ ಹಣ ಸಾಕು.

ಇನ್ನೊಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ. ಹೊಸ ಜನಗಣತಿಯನ್ನು ೨೦೨೭ಕ್ಕೆ ಗೊತ್ತುಪಡಿಸಿದ್ದಾರೆ. ಮನೆಮನೆಗೆ ಬರುವ ಗಣತಿದಾರರು ಬಹುಮಟ್ಟಿಗೆ ನಮ್ಮ ಶಾಲಾ ಮಾಸ್ತರರೇ. ತಾಯಿನುಡಿಯ ಪ್ರಶ್ನೆ ಬಂದಾಗ ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳಬೇಕೆಂಬುದು ನಿಯಮ; ಗಣತಿದಾರನು ಊಹಿಸಿ ಬರೆಯುವಂತಿಲ್ಲ. ಅವಸರದಲ್ಲಿ ‘ಕನ್ನಡ’ವೆಂದೋ ‘ಹಿಂದಿ’ಯೆಂದೋ ಬರೆದು ಮುಂದಿನ ಮನೆಗೆ ಹೋಗುವವರಿದ್ದಾರೆ. ತಾಂಡಾದ ಗಿರಾಕಿಗಳುಳ್ಳ ಅಂಗಡಿಕಾರರು ಸಂತೆಯ ದಿನ ಸಾಮಾನು ಕಟ್ಟುವಾಗ ಈ ಮಾತನ್ನು ಅವರ ಕಿವಿಗೆ ಹಾಕಿರಿ. ಗಿರಣಿ, ಜಿನ್ನಿಂಗು, ಸಕ್ಕರೆ ಕಾರಖಾನೆಗಳಲ್ಲಿ ಅವರೊಡನೆ ದುಡಿಯುವವರು ಬುತ್ತಿ ಬಿಚ್ಚಿದಾಗ ಹೇಳಿರಿ. ಒಬ್ಬರು ಲಂಬಾಣಿ, ಇನ್ನೊಬ್ಬರು ಬಂಜಾರಿ, ಮತ್ತೊಬ್ಬರು ಗೋರಬೋಲಿ ಎಂದು ಬರೆಸಿದರೆ ಲೆಕ್ಕ ಮೂರು ಪಾಲಾಗುತ್ತದೆ. ತಾಂಡಾದ ನಾಯಕ, ಕಾರಭಾರಿಗಳು ಕೂಡಿ ಒಂದೇ ಹೆಸರನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಒಳಿತು. ಆಮೇಲೆ ಆ ಲೆಕ್ಕವನ್ನು ಹಿಂದಿಯ ಖಾತೆಯಿಂದ ಬಿಡಿಸಿ ಕೊಡಿರೆಂದು ದಿಲ್ಲಿಯನ್ನು ಕೇಳುವುದು ನಮ್ಮ ಲೋಕಸಭಾ ಸದಸ್ಯರ ಕೆಲಸ. ಅವರು ಓಟು ಕೇಳಲು ಬಂದಾಗ ತಾಂಡಾದಲ್ಲಿ ನಾಲ್ಕು ಲಂಬಾಣಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾವು ಮರೆತಿಲ್ಲ.

ನಮ್ಮ ಪತ್ರಿಕೆಯ ಕಡೆಯಿಂದ ಇಷ್ಟು. ತಾಂಡಾದಿಂದ ಬಂದ ಮಾಸ್ತರರಾಗಲಿ, ಓದುಬರಹ ಬಲ್ಲ ತರುಣರಾಗಲಿ ಒಂದನೆಯ ಇಯತ್ತೆಯ ಮಗುವಿಗೆ ಬೇಕಾಗುವ ನೂರು ಲಂಬಾಣಿ ಶಬ್ದಗಳನ್ನು, ಎದುರಿಗೆ ಕನ್ನಡ ಅರ್ಥದೊಡನೆ, ಬರೆದು ನಮ್ಮ ಕಚೇರಿಗೆ ಕಳಿಸಿದರೆ ವಾರಕ್ಕೆ ಹತ್ತರಂತೆ ಅಚ್ಚು ಹಾಕುತ್ತೇವೆ. ರೊಟ್ಟಿ, ನೀರು, ತಾಯಿ ಈ ಮೂರಕ್ಕೆ ಬಾಟಿ, ಪಾಣಿ, ಯಾಡಿ ಎಂದು ನಾವೇ ಬರೆದಿಟ್ಟುಕೊಂಡಿದ್ದೇವೆ. ಉಳಿದ ತೊಂಬತ್ತೇಳು ಬರಬೇಕು.